ಅಪ್ಪನ ಚೀಟಿಯಲ್ಲಿ 5,120 ರೂಪಾಯಿ, ತಾಣದಲ್ಲಿ 80 ರೂಪಾಯಿ: ಇನ್ಫೋಸಿಸ್ ಷೇರಿನ ಹಳೆಯ ಬೆಲೆ ಯಾವುದು ಸರಿ?

ಸಿರಸಿಯ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ನಿವೃತ್ತ ಹೈಸ್ಕೂಲು ಮೇಷ್ಟ್ರು. 2004ರ ಮೇ ತಿಂಗಳಲ್ಲಿ ಅವರು ಇನ್ಫೋಸಿಸ್‌ನ 10 ಷೇರುಗಳನ್ನು ತಲಾ 5,120 ರೂಪಾಯಿಗೆ ಕೊಂಡಿದ್ದಾಗಿ ಹೇಳುತ್ತಲೇ ಬಂದಿದ್ದಾರೆ. ಕಳೆದ ವಾರ ನಾನು ಒಂದು ಜಾಲತಾಣದಲ್ಲಿ ಹಳೆಯ ಬೆಲೆಗಳನ್ನು ತೆಗೆದು ನೋಡಿದರೆ, ಆ ತಿಂಗಳಿನಲ್ಲಿ ಬೆಲೆ 80 ರೂಪಾಯಿಯ ಆಸುಪಾಸಿನಲ್ಲಿತ್ತು ಎಂದು ತೋರಿಸುತ್ತಿದೆ. "ಅಪ್ಪಾ, ನಿಮಗೆ ನೆನಪು ತಪ್ಪಿರಬೇಕು, ಇಲ್ಲವಾದರೆ ಬ್ರೋಕರ್ ಮೋಸ ಮಾಡಿರಬೇಕು" ಎಂದುಬಿಟ್ಟೆ. ಅವರು ಮಾತಾಡದೆ ಎದ್ದುಹೋಗಿ ಗೋದ್ರೇಜ್ ಬೀರುವಿನಿಂದ ಕಾಂಟ್ರಾಕ್ಟ್ ನೋಟ್, ಅಂದರೆ ಷೇರು ಕೊಂಡದ್ದಕ್ಕೆ ಬ್ರೋಕರ್ ಕೊಟ್ಟ ಚೀಟಿ, ತಂದು ಮೇಜಿನ ಮೇಲಿಟ್ಟರು. ಮಡಿಕೆಯಲ್ಲಿ ಹರಿದಿದ್ದರೂ ಬೆಲೆ ಸ್ಪಷ್ಟವಾಗಿದೆ: 5,120.

ಇನ್ನೊಂದು ಗೊಂದಲವೂ ಇದೆ. ಆಮೇಲೆ ಒಂದು ಷೇರನ್ನೂ ಕೊಂಡಿಲ್ಲವೆಂದು ಅವರು ಹೇಳುತ್ತಾರೆ, ಆದರೆ ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿಡುವ ಡಿಮ್ಯಾಟ್ ಖಾತೆಯಲ್ಲಿ 640 ಷೇರುಗಳಿವೆ. ಯಾವ ಬೆಲೆಯನ್ನು ನಂಬಬೇಕು? ಸ್ವಲ್ಪ ಭಾಗವನ್ನು ಮಾರುವ ಯೋಚನೆಯೂ ಇರುವುದರಿಂದ ಸರಿಯಾಗಿ ತಿಳಿದುಕೊಳ್ಳಬೇಕಾಗಿದೆ.

ದತ್ತಾಂಶ ಪ್ರಿಯ:
ಎರಡೂ ಸರಿ. 5,120ನ್ನು 64ರಿಂದ ಭಾಗಿಸಿ ನೋಡಿ, 80 ಬರುತ್ತದೆ. 10ನ್ನು 64ರಿಂದ ಗುಣಿಸಿ ನೋಡಿ, 640 ಬರುತ್ತದೆ.

ಲೆಕ್ಕಿಗ, ಹುಬ್ಬಳ್ಳಿ:
ಮೇಲಿನವರು ಹೇಳಿದ 64 ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದು ತಿಳಿಯದಿದ್ದರೆ ಮುಂದಿನದ್ದು ಯಾವುದೂ ತಿಳಿಯುವುದಿಲ್ಲ.

ನಿಮ್ಮ ತಂದೆ ಕೊಂಡ ಕೆಲವೇ ವಾರಗಳಲ್ಲಿ, 2004ರಲ್ಲೇ, ಕಂಪನಿಯು ಒಂದು ಷೇರಿಗೆ ಮೂರು ಬೋನಸ್ ಷೇರುಗಳನ್ನು, ಅಂದರೆ ಹಣ ಪಡೆಯದೆ ಹೆಚ್ಚುವರಿಯಾಗಿ, ಕೊಟ್ಟಿತು. ಹತ್ತಿದ್ದದ್ದು ನಲವತ್ತಾಯಿತು. 2006ರಲ್ಲಿ ಒಂದಕ್ಕೆ ಒಂದು ಬೋನಸ್, ಅಲ್ಲಿಗೆ ಎಂಬತ್ತು. 2014ರ ಡಿಸೆಂಬರ್, 2015ರ ಜೂನ್ ಮತ್ತು 2018ರ ಸೆಪ್ಟೆಂಬರ್‌ನಲ್ಲಿ ಮತ್ತೆ ಮೂರು ಬಾರಿ ಒಂದಕ್ಕೆ ಒಂದು. ಎಂಬತ್ತು ನೂರ ಅರವತ್ತಾಗಿ, ಮುನ್ನೂರ ಇಪ್ಪತ್ತಾಗಿ, ಕೊನೆಗೆ 640 ಆಯಿತು. ಪ್ರತಿ ಬಾರಿ ಷೇರುಗಳ ಸಂಖ್ಯೆ ಏರಿದಷ್ಟೇ ಪ್ರಮಾಣದಲ್ಲಿ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ಒಂದು ಹಲಸಿನ ಹಣ್ಣನ್ನು ನಾಲ್ಕು ಹೋಳು ಮಾಡಿದರೆ ಹೋಳಿನ ತೂಕ ಕಾಲು ಪಾಲಾಗುತ್ತದೆಯೇ ಹೊರತು ಹಣ್ಣು ಕಡಿಮೆಯಾಗುವುದಿಲ್ಲ. ಜಾಲತಾಣಗಳು ಇಂದಿನ ಹೋಳಿನ ಅಳತೆಯಲ್ಲೇ ಹಿಂದಿನ ಬೆಲೆಗಳನ್ನೂ ತಿದ್ದಿ ಬರೆಯುತ್ತವೆ. ಅದನ್ನು ಹೊಂದಾಣಿಕೆ ಮಾಡಿದ ಬೆಲೆ ಎನ್ನುತ್ತಾರೆ. ನಿಮ್ಮ ತಂದೆಯ ಕೈಯಿಂದ ಹೋದದ್ದು 51,200 ರೂಪಾಯಿ. ಅದನ್ನು 5,120ರ ಹತ್ತು ಎಂದರೂ ಅಷ್ಟೇ, 80ರ 640 ಎಂದರೂ ಅಷ್ಟೇ.

ಬ್ರೋಕರ್ ಮೋಸ ಮಾಡಿಲ್ಲ. ದಯವಿಟ್ಟು ತಂದೆಯವರಿಗೆ ಇಂದೇ ಹೇಳಿಬಿಡಿ.

ತೋಟದ ಮನೆ:
ಹೀಗೆ ಹಳೆಯ ಬೆಲೆಗಳನ್ನು ಆಗಾಗ ತಿದ್ದುತ್ತಾ ಹೋಗುವುದು ನನಗೆ ಸರಿಕಾಣುವುದಿಲ್ಲ. ಇತಿಹಾಸ ಎಂದ ಮೇಲೆ ನಡೆದದ್ದನ್ನು ನಡೆದಂತೆ ಬರೆಯಬೇಕಲ್ಲವೇ? ಅಷ್ಟಕ್ಕೂ ಹಿಂದಿನ ಬೆಲೆಯನ್ನು ನೋಡಿ ಮುಂದಿನದನ್ನು ತೀರ್ಮಾನಿಸುವುದು ಹೋದ ವರ್ಷದ ಅಡಿಕೆ ಧಾರಣೆಯನ್ನು ನಂಬಿ ಈ ವರ್ಷ ಸಾಲ ಮಾಡಿದಂತೆ.

ದತ್ತಾಂಶ ಪ್ರಿಯ:
ಅಡಿಕೆಯ ಮಾತನ್ನು ನೀವೇ ತೆಗೆದಿದ್ದೀರಿ, ಹಾಗಾಗಿ ಅದರಲ್ಲೇ ಹೇಳುತ್ತೇನೆ. ನಮ್ಮ ಅಜ್ಜನ ಲೆಕ್ಕದ ಪುಸ್ತಕದಲ್ಲಿ ಧಾರಣೆಯು ಮಣದ ಲೆಕ್ಕದಲ್ಲಿದೆ, ಇಂದು ಕ್ವಿಂಟಾಲಿನ ಲೆಕ್ಕದಲ್ಲಿದೆ. ಅಜ್ಜನ ಕಾಲಕ್ಕಿಂತ ಇಂದು ಧಾರಣೆ ಎಷ್ಟು ಏರಿದೆ ಎಂದು ನೋಡುವ ಮೊದಲು ಮಣವನ್ನು ಕ್ವಿಂಟಾಲಿಗೆ ತಿರುಗಿಸಲೇಬೇಕು. ಹಾಗೆ ತಿರುಗಿಸಿದವನು ಅಜ್ಜನ ಪುಸ್ತಕವನ್ನು ತಿದ್ದಿದವನಲ್ಲ.

ಮೂಲ ಬೆಲೆ ಬೇಕೆನ್ನುವವರಿಗೆ ಅದೂ ಸಿಗುತ್ತದೆ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಪ್ರತಿದಿನ ಹೊರಡಿಸುವ ಭಾವ್‌ಕಾಪಿಯಲ್ಲಿ ಆ ದಿನದ ಆರಂಭದ, ಗರಿಷ್ಠ, ಕನಿಷ್ಠ ಮತ್ತು ಮುಕ್ತಾಯದ ಬೆಲೆಗಳು ಅಂದು ಇದ್ದಂತೆಯೇ ಇರುತ್ತವೆ, ಯಾರೂ ಅವನ್ನು ಆಮೇಲೆ ಮುಟ್ಟುವುದಿಲ್ಲ. ಮುಂಬೈ ಷೇರು ವಿನಿಮಯ ಕೇಂದ್ರದ ತಾಣದಲ್ಲೂ ಹಳೆಯ ಬೆಲೆಗಳಿವೆ. ಕಾಂಟ್ರಾಕ್ಟ್ ನೋಟ್ ಸರಿಯಿದೆಯೇ ಎಂದು ಪರಿಶೀಲಿಸಲು ಬೇಕಾಗುವುದು ಈ ಮೂಲ ಬೆಲೆಯೇ: ಚೀಟಿಯಲ್ಲಿರುವ ಬೆಲೆ ಆ ದಿನದ ಕನಿಷ್ಠ ಮತ್ತು ಗರಿಷ್ಠದ ನಡುವೆ ಬಿದ್ದರೆ ಸರಿ, ಹೊರಗೆ ಬಿದ್ದರೆ ಮಾತ್ರ ಪ್ರಶ್ನೆ ಕೇಳಬೇಕು.

ಹೊಸ ಹೆಜ್ಜೆ:
ಮುಕ್ತಾಯದ ಬೆಲೆ ಎಂದರೆ ಮಧ್ಯಾಹ್ನ ಮೂರೂವರೆಗೆ ನಡೆದ ಕೊನೆಯ ವ್ಯವಹಾರದ ಬೆಲೆ ತಾನೇ?

ಲೆಕ್ಕಿಗ, ಹುಬ್ಬಳ್ಳಿ:
ಅಲ್ಲ. ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕದಲ್ಲಿ ಅದು ಕೊನೆಯ ಅರ್ಧ ಗಂಟೆಯ, ಅಂದರೆ ಮೂರರಿಂದ ಮೂರೂವರೆವರೆಗಿನ, ಎಲ್ಲ ವ್ಯವಹಾರಗಳ ತೂಕದ ಸರಾಸರಿ, ಅಂದರೆ ಹೆಚ್ಚು ಷೇರುಗಳು ಕೈಬದಲಾದ ಬೆಲೆಗೆ ಹೆಚ್ಚು ತೂಕ ಕೊಟ್ಟ ಸರಾಸರಿ. ಹಾಗಾಗಿ ಕೊನೆಯ ವ್ಯವಹಾರದ ಬೆಲೆಯೂ ಮುಕ್ತಾಯದ ಬೆಲೆಯೂ ಕೆಲವು ಪೈಸೆ ಅಥವಾ ರೂಪಾಯಿಗಳಷ್ಟು ಬೇರೆಯಾಗಿರುತ್ತವೆ. ಎರಡು ವಿನಿಮಯ ಕೇಂದ್ರಗಳ ನಡುವೆಯೂ ಅಷ್ಟು ಅಂತರ ಸಹಜ.

ಜೇಸಿ ರಸ್ತೆಯ ಹಳಬ:
ಈ ಚರ್ಚೆಯನ್ನು ಓದಿ ಹಳೆಯ ದಿನಗಳು ಕಣ್ಣ ಮುಂದೆ ಬಂದವು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಒಬ್ಬ ಬ್ರೋಕರ್ ಬಳಿ ಗುಮಾಸ್ತನಾಗಿದ್ದೆ. 1963ರಲ್ಲಿ ಆರಂಭವಾಗಿ 2014ರಲ್ಲಿ ಮುಚ್ಚಿದ ಬೆಂಗಳೂರು ಷೇರು ವಿನಿಮಯ ಕೇಂದ್ರದಲ್ಲಿ ಆಗ ಕೂಗಿಯೇ ವ್ಯವಹಾರ ಮಾಡುತ್ತಿದ್ದರು. ಬೆಲೆಯ ಇತಿಹಾಸ ಎಂದರೆ ನಮಗೆ ಒಂದು ಉದ್ದನೆಯ ಲೆಡ್ಜರ್ ಪುಸ್ತಕ. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಕೆಲವು ಕಂಪನಿಗಳ ಬೆಲೆಗಳನ್ನು ಅದರಲ್ಲಿ ಬರೆದಿಡುವುದು ನನ್ನ ಕೆಲಸವಾಗಿತ್ತು. ಬೋನಸ್ ಕಳೆದ ಬೆಲೆಯ ಪಕ್ಕದಲ್ಲಿ ಪತ್ರಿಕೆಯವರು 'ಎಕ್ಸ್‌ಬಿ' ಎಂದೂ, ಲಾಭಾಂಶ ಕಳೆದ ಬೆಲೆಯ ಪಕ್ಕದಲ್ಲಿ 'ಎಕ್ಸ್‌ಡಿ' ಎಂದೂ ಸಣ್ಣಕ್ಷರದಲ್ಲಿ ಅಚ್ಚು ಹಾಕುತ್ತಿದ್ದರು. ಒಂದು ದಿನ ನಾನು ಆ ಸಣ್ಣಕ್ಷರವನ್ನು ಬರೆಯುವುದನ್ನು ಮರೆತೆ. ಮಧ್ಯಾಹ್ನ ಬಂದ ಗಿರಾಕಿಯೊಬ್ಬರು ಪುಸ್ತಕ ನೋಡಿ, ಬೆಲೆ ಒಂದೇ ದಿನದಲ್ಲಿ ಅರ್ಧಕ್ಕೆ ಕುಸಿದಿದೆ ಎಂದು ಗಾಬರಿಗೊಂಡು ಎಲ್ಲವನ್ನೂ ಮಾರಿ ಎಂದರು. ನಮ್ಮ ಯಜಮಾನರು ಅವರನ್ನು ಕೂರಿಸಿ, ಕಾಫಿ ತರಿಸಿ, ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸುವಷ್ಟರಲ್ಲಿ ಸಂಜೆಯಾಗಿತ್ತು. ಅಂದಿನಿಂದ ಆ ಗುರುತನ್ನು ನಾನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ.

1993ರ ಫೆಬ್ರವರಿಯಲ್ಲಿ ಇದೇ ಇನ್ಫೋಸಿಸ್ ತಲಾ 95 ರೂಪಾಯಿಗೆ ಸಾರ್ವಜನಿಕರಿಗೆ ಷೇರು ಕೊಡಲು ಬಂದಾಗ ಪೂರ್ತಿ ಅರ್ಜಿಗಳೇ ಬರಲಿಲ್ಲ. ನಮ್ಮ ಮೇಜಿನ ಮೇಲೆ ಅರ್ಜಿ ನಮೂನೆಗಳ ಕಟ್ಟು ಬಿಚ್ಚದೆ ಉಳಿದಿತ್ತು. ಜೂನ್‌ನಲ್ಲಿ 145ಕ್ಕೆ ವ್ಯವಹಾರ ಆರಂಭವಾಯಿತು.

ಹೊಸ ಹೆಜ್ಜೆ:
ಆಗ 100 ಷೇರು ತೆಗೆದುಕೊಂಡಿದ್ದರೆ ಈಗ ಎಷ್ಟಾಗುತ್ತಿತ್ತು?

ಜೇಸಿ ರಸ್ತೆಯ ಹಳಬ:
1994, 1997 ಮತ್ತು 1999ರಲ್ಲಿ ಒಂದಕ್ಕೆ ಒಂದು ಬೋನಸ್, 2000ದಲ್ಲಿ ಮುಖಬೆಲೆಯನ್ನು (ಷೇರುಪತ್ರದ ಮೇಲೆ ನಮೂದಾದ ಬೆಲೆಯನ್ನು) 10ರಿಂದ 5 ರೂಪಾಯಿಗೆ ಇಳಿಸಿ ಒಂದು ಷೇರನ್ನು ಎರಡಾಗಿಸಿದ ವಿಭಜನೆ, ಆಮೇಲೆ ಮೇಲೆ ಹೇಳಿದ 64 ಪಟ್ಟು. ಎಲ್ಲ ಸೇರಿ 1,024 ಪಟ್ಟು. 100 ಷೇರುಗಳು 1,02,400 ಆಗುತ್ತಿದ್ದವು. ಹೊಂದಾಣಿಕೆಯ ಲೆಕ್ಕದಲ್ಲಿ ಆ 95 ರೂಪಾಯಿ ಇಂದು ಒಂಬತ್ತು ಪೈಸೆ ಚಿಲ್ಲರೆ.

ಆದರೆ ಒಂದು ಮಾತು. ಒಂಬತ್ತು ಪೈಸೆ ಎಂದು ಪರದೆಯ ಮೇಲೆ ಓದುವವರಿಗೆ ಅಂದಿನವರೆಲ್ಲ ದಡ್ಡರಂತೆ ಕಾಣಬಹುದು. 100 ಷೇರಿಗೆ 9,500 ರೂಪಾಯಿ ಬೇಕಿತ್ತು, ಅದು ನನ್ನ ಆರು ತಿಂಗಳ ಸಂಬಳಕ್ಕಿಂತ ಹೆಚ್ಚು. ಹೊಂದಾಣಿಕೆ ಮಾಡಿದ ಬೆಲೆ ಬೆಳವಣಿಗೆಯನ್ನು ಸರಿಯಾಗಿ ಹೇಳುತ್ತದೆ, ಆದರೆ ಕೊಂಡವನ ಜೇಬಿಗೆ ಬಿದ್ದ ಭಾರವನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಮೇಷ್ಟ್ರ ಕೈಯಲ್ಲಿರುವ ಆ ಹರಿದ ಚೀಟಿ ಮಾತ್ರ.

ಚಾಮರಾಜಪುರಂ:
ಹಾಗಾದರೆ ನಕ್ಷೆಯಲ್ಲಿ ಬೆಲೆ ದಿಢೀರನೆ ಇಳಿದಿರುವುದು ಕಂಡಾಗ ಅದು ಬೋನಸ್ಸಿನಿಂದಲೋ ನಿಜವಾದ ಕುಸಿತವೋ ಎಂದು ಹೇಗೆ ತಿಳಿಯುವುದು?

ಲೆಕ್ಕಿಗ, ಹುಬ್ಬಳ್ಳಿ:
ಒಳ್ಳೆಯ ಪ್ರಶ್ನೆ. ಮೂಲ ಬೆಲೆಗಳ ಪಟ್ಟಿಯನ್ನೂ ಹೊಂದಾಣಿಕೆಯ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. 2018ರ ಸೆಪ್ಟೆಂಬರ್‌ನಲ್ಲಿ ಇನ್ಫೋಸಿಸ್‌ನ ಮೂಲ ಬೆಲೆ ಅರ್ಧಕ್ಕೆ ಇಳಿದದ್ದು ಮೊದಲನೆಯದರಲ್ಲಿ ಮಾತ್ರ ಕಾಣುತ್ತದೆ, ಎರಡನೆಯದರಲ್ಲಿ ಅದರ ಸುಳಿವೂ ಇರುವುದಿಲ್ಲ. 2013ರ ಏಪ್ರಿಲ್ 12ರಂದು ಫಲಿತಾಂಶ ಮತ್ತು ಮುಂದಿನ ವರ್ಷದ ಅಂದಾಜು ನಿರಾಸೆ ಮೂಡಿಸಿದಾಗ ಒಂದೇ ದಿನದಲ್ಲಿ ಶೇ. 21ರಷ್ಟು ಇಳಿದದ್ದು ಎರಡರಲ್ಲೂ ಕಾಣುತ್ತದೆ. ಎರಡರಲ್ಲೂ ಕಾಣುವುದೇ ನಿಜವಾದ ಕುಸಿತ.

ತೋಟದ ಮನೆ:
ಈ ಪರೀಕ್ಷೆ ಎಲ್ಲ ಸಂದರ್ಭಗಳಿಗೂ ಹೊಂದುತ್ತದೆಯೇ? ರಿಲಯನ್ಸ್‌ನಿಂದ ಜಿಯೊ ಫೈನಾನ್ಷಿಯಲ್ ಬೇರ್ಪಟ್ಟಾಗ ನನ್ನ ಬಳಿಯ ತಾಣವೊಂದು ಕುಸಿತವನ್ನು ಹಾಗೆಯೇ ತೋರಿಸಿತ್ತು, ಇನ್ನೊಂದು ತೋರಿಸಿರಲಿಲ್ಲ.

ಲೆಕ್ಕಿಗ, ಹುಬ್ಬಳ್ಳಿ:
ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ, ನಾನು ತುಸು ಅವಸರಪಟ್ಟು ಬರೆದೆ. ಕಂಪನಿಯ ಒಂದು ವಿಭಾಗ ಬೇರ್ಪಟ್ಟಾಗ ತಾಣಗಳೆಲ್ಲ ಒಂದೇ ಕ್ರಮ ಅನುಸರಿಸುವುದಿಲ್ಲ. 2023ರ ಜುಲೈ 19ರಂದು ರಿಲಯನ್ಸ್ 2,841.85ಕ್ಕೆ ಮುಗಿದಿತ್ತು. ಮರುದಿನ ಬೆಳಿಗ್ಗೆ ವಿಶೇಷ ಅವಧಿಯಲ್ಲಿ 2,580 ಎಂದು ನಿರ್ಧಾರವಾಯಿತು, ನಡುವಿನ 261.85 ರೂಪಾಯಿಯೇ ಜಿಯೊ ಫೈನಾನ್ಷಿಯಲ್‌ನ ಬೆಲೆಯಾಯಿತು. ಷೇರುದಾರ ಏನನ್ನೂ ಕಳೆದುಕೊಳ್ಳಲಿಲ್ಲ, ಒಂದರ ಜೊತೆಗೆ ಇನ್ನೊಂದು ಷೇರು ಅವನ ಖಾತೆಗೆ ಬಂತು. ಹಾಗಾಗಿ ಅನುಮಾನ ಬಂದಾಗ ವಿನಿಮಯ ಕೇಂದ್ರದ ತಾಣದಲ್ಲಿ ಆ ಕಂಪನಿಯ ಬೋನಸ್, ವಿಭಜನೆ, ಹಕ್ಕಿನ ಷೇರು (ಇರುವ ಷೇರುದಾರರಿಗೆ ಹಣ ಪಡೆದು ಕೊಡುವ ಹೊಸ ಷೇರು) ಮತ್ತು ಬೇರ್ಪಡೆಗಳ ಪಟ್ಟಿಯನ್ನು ತೆರೆದು ದಿನಾಂಕವನ್ನು ಹೋಲಿಸುವುದೇ ಗಟ್ಟಿಯಾದ ದಾರಿ.

ಹಕ್ಕಿನ ಷೇರಿನ ಲೆಕ್ಕ ಬೋನಸ್ಸಿನಂತಲ್ಲ ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ. 120 ರೂಪಾಯಿಯ ಎರಡು ಷೇರುಗಳಿಗೆ 60 ರೂಪಾಯಿಯಂತೆ ಒಂದು ಹೊಸ ಷೇರು ಕೊಟ್ಟರೆ, ಮೂರು ಷೇರಿಗೆ ಒಟ್ಟು 300 ರೂಪಾಯಿ, ತಲಾ 100. ಇಲ್ಲಿ ಹೊಸ ಹಣವೂ ಒಳಗೆ ಬರುವುದರಿಂದ ಸುಮ್ಮನೆ ಒಂದೂವರೆಯಿಂದ ಭಾಗಿಸಿ 80 ಎನ್ನುವಂತಿಲ್ಲ.

ಕಡಲಂಚು:
ನನ್ನದು ಬೇರೆಯೇ ಸಮಸ್ಯೆ. ಉಡುಪಿಯಲ್ಲಿರುವ ನಮ್ಮ ದೊಡ್ಡಮ್ಮನ ಹತ್ತಿರ ಸಿಂಡಿಕೇಟ್ ಬ್ಯಾಂಕಿನ 1,000 ಷೇರುಗಳಿದ್ದವು. 1925ರಲ್ಲಿ ನಮ್ಮೂರಿನಲ್ಲೇ ಹುಟ್ಟಿದ ಬ್ಯಾಂಕು ಎಂಬ ಅಭಿಮಾನದಿಂದ ಇಟ್ಟುಕೊಂಡಿದ್ದರು. ಈಗ ಹಳೆಯ ಬೆಲೆಯನ್ನು ಹುಡುಕಿದರೆ ನಕ್ಷೆಯು 2020ರ ಮಾರ್ಚ್‌ಗೆ ನಿಂತುಹೋಗುತ್ತದೆ. ಅದನ್ನು ಯಾವುದಕ್ಕೆ ಜೋಡಿಸಿ ನೋಡಬೇಕು?

ದತ್ತಾಂಶ ಪ್ರಿಯ:
ಕೆನರಾ ಬ್ಯಾಂಕಿಗೆ. 2020ರ ಏಪ್ರಿಲ್ 1ರಂದು ವಿಲೀನವಾದಾಗ ಸಿಂಡಿಕೇಟ್‌ನ 1,000 ಷೇರಿಗೆ ಕೆನರಾದ 158 ಷೇರುಗಳನ್ನು ಕೊಟ್ಟರು. 2024ರ ಮೇ ತಿಂಗಳಲ್ಲಿ ಕೆನರಾ ತನ್ನ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ವಿಭಜಿಸಿತು. ಅಂದರೆ ನಿಮ್ಮ ದೊಡ್ಡಮ್ಮನ ಹತ್ತಿರ ಈಗ 790 ಷೇರುಗಳಿರಬೇಕು. ಸಿಂಡಿಕೇಟ್‌ನ ಯಾವುದೇ ಹಳೆಯ ಬೆಲೆಯನ್ನು 0.79ರಿಂದ ಭಾಗಿಸಿದರೆ ಅದು ಇಂದಿನ ಕೆನರಾ ಷೇರಿನ ಅಳತೆಗೆ ಬರುತ್ತದೆ.

ಇದೇ ರೀತಿ ವಿಜಯಾ ಬ್ಯಾಂಕಿನ 1,000ಕ್ಕೆ ಬ್ಯಾಂಕ್ ಆಫ್ ಬರೋಡಾದ 402, ಕಾರ್ಪೊರೇಷನ್ ಬ್ಯಾಂಕಿನ 1,000ಕ್ಕೆ ಯೂನಿಯನ್ ಬ್ಯಾಂಕಿನ 330. ಕರಾವಳಿಯ ಅನೇಕ ಮನೆಗಳಲ್ಲಿ ಈ ಮೂರರಲ್ಲಿ ಒಂದಾದರೂ ಇರುವುದರಿಂದ ಬರೆದಿಡುತ್ತಿದ್ದೇನೆ.

ಕಡಲಂಚು:
ಖಾತೆಯಲ್ಲಿ ನೋಡಿದೆ, ಸರಿಯಾಗಿ 790 ಇವೆ. ಬಹಳ ಉಪಕಾರವಾಯಿತು. ವಿಲೀನದ ಹೊತ್ತಿನಲ್ಲಿ ಎಂಟುನೂರ ನಲವತ್ತೆರಡು ಷೇರು ಮಾಯವಾದವೆಂದು ದೊಡ್ಡಮ್ಮ ಇಷ್ಟು ವರ್ಷ ನೊಂದುಕೊಂಡಿದ್ದರು.

ಹೊಸ ಹೆಜ್ಜೆ:
ಹಿಂದಿನ ಬೆಲೆ ನೋಡಿ ಕೊಳ್ಳುವುದು ತಪ್ಪೇ? ಯೆಸ್ ಬ್ಯಾಂಕ್ 2018ರಲ್ಲಿ 400 ರೂಪಾಯಿ ಮುಟ್ಟಿತ್ತು. ಒಮ್ಮೆ ಹೋದ ಎತ್ತರಕ್ಕೆ ಮತ್ತೆ ಹೋಗಬಹುದಲ್ಲವೇ?

ಲೆಕ್ಕಿಗ, ಹುಬ್ಬಳ್ಳಿ:
ತಮ್ಮಾ, ಇದನ್ನು ನಿಧಾನವಾಗಿ ಓದು. 2018ರಲ್ಲಿ ಆ ಬ್ಯಾಂಕಿನ ಷೇರುಗಳು ಸುಮಾರು 230 ಕೋಟಿ. 400 ರೂಪಾಯಿಯಂತೆ ಇಡೀ ಬ್ಯಾಂಕಿನ ಬೆಲೆ 92,000 ಕೋಟಿ. 2020ರ ಮಾರ್ಚ್‌ನಲ್ಲಿ ಅದನ್ನು ಉಳಿಸಲು ಭಾರತೀಯ ಸ್ಟೇಟ್ ಬ್ಯಾಂಕ್ ಮತ್ತಿತರ ಬ್ಯಾಂಕುಗಳು ತಲಾ 10 ರೂಪಾಯಿಯಂತೆ 1,000 ಕೋಟಿ ಹೊಸ ಷೇರುಗಳನ್ನು ಕೊಂಡವು. ಅದೇ ವರ್ಷದ ಜುಲೈನಲ್ಲಿ 12 ರೂಪಾಯಿಯಂತೆ ಸಾರ್ವಜನಿಕರಿಗೆ ಕೊಟ್ಟು 15,000 ಕೋಟಿ ಎತ್ತಿದರು, ಅಂದರೆ ಮತ್ತೆ 1,250 ಕೋಟಿ ಷೇರುಗಳು. ಈಗ ಒಟ್ಟು 3,000 ಕೋಟಿ ದಾಟಿದೆ. ಇವತ್ತು 400 ರೂಪಾಯಿ ಆಗಬೇಕಾದರೆ ಬ್ಯಾಂಕಿನ ಬೆಲೆ 12 ಲಕ್ಷ ಕೋಟಿ ಮೀರಬೇಕು. ಹಿಂದಿನ ಎತ್ತರಕ್ಕೆ ಮರಳುವುದಲ್ಲ ಅದು, ಅದರ ಹದಿಮೂರು ಪಟ್ಟು ಏರುವುದು.

ಈ ಹೊಸ ಷೇರುಗಳು ಬೋನಸ್ ಅಲ್ಲದ್ದರಿಂದ ತಾಣಗಳು ಇದಕ್ಕಾಗಿ ಹಳೆಯ ಬೆಲೆಯನ್ನು ಹೊಂದಾಣಿಕೆ ಮಾಡುವುದಿಲ್ಲ, ಮಾಡಲೂಬಾರದು. ಆದುದರಿಂದ ನಕ್ಷೆಯಲ್ಲಿ ಕಾಣುವ 400 ಸುಳ್ಳಲ್ಲ, ಆದರೆ ಅದರ ಪಕ್ಕದಲ್ಲಿ ಷೇರುಗಳ ಸಂಖ್ಯೆಯನ್ನು ಬರೆದುಕೊಳ್ಳದೆ ಓದಿದರೆ ದಾರಿ ತಪ್ಪಿಸುತ್ತದೆ.

ಹೊಸ ಹೆಜ್ಜೆ:
ಈ ಲೆಕ್ಕ ನನಗೆ ಯಾರೂ ಹೇಳಿರಲಿಲ್ಲ. ಧನ್ಯವಾದಗಳು ಸರ್.

ಚಾಮರಾಜಪುರಂ:
ಇಂದಿನ ಸೂಚ್ಯಂಕದಲ್ಲಿರುವ ಕಂಪನಿಗಳ ಹಿಂದಿನ ಬೆಲೆಯನ್ನಷ್ಟೇ ತೆಗೆದು, "ದೊಡ್ಡ ಕಂಪನಿಗಳನ್ನು ಕೊಂಡು ಇಪ್ಪತ್ತು ವರ್ಷ ಇಟ್ಟುಕೊಂಡರೆ ಸಾಕು" ಎಂದು ವಾದಿಸುವುದರಲ್ಲೂ ಇಂಥದೇ ದೋಷವಿದೆ. 2008ರಲ್ಲಿ ಸಾಫ್ಟ್‌ವೇರ್ ಕ್ಷೇತ್ರದ ಸತ್ಯಂ ಕೂಡ ದೊಡ್ಡ ಕಂಪನಿಯೇ ಆಗಿತ್ತು. 2009ರ ಜನವರಿ 7ರಂದು, ಲೆಕ್ಕಪತ್ರದಲ್ಲಿ ಸುಳ್ಳು ತೋರಿಸಿದ್ದನ್ನು ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡ ದಿನ, ಅದು 179ರಿಂದ 40 ರೂಪಾಯಿಯ ಆಸುಪಾಸಿಗೆ ಬಿತ್ತು. ಸೂಚ್ಯಂಕದಿಂದಲೂ ಹೊರಹೋಯಿತು. ಇಂದಿನ ಪಟ್ಟಿಯಿಂದ ಹಿಂದಕ್ಕೆ ನೋಡುವವನಿಗೆ ಅದು ಕಾಣಿಸುವುದೇ ಇಲ್ಲ.

ಸಿರಸಿಯ ಮಗಳು:
ಎಲ್ಲರಿಗೂ ಕೃತಜ್ಞತೆಗಳು. ಈಗ ನನ್ನ ಇನ್ನೆರಡು ಪ್ರಶ್ನೆಗಳು. ಒಂದು, ಮತ್ತೊಂದು ತಾಣದಲ್ಲಿ ಅದೇ ದಿನಕ್ಕೆ 80ಕ್ಕಿಂತಲೂ ಕಡಿಮೆ ಬೆಲೆ ತೋರಿಸುತ್ತಿದೆ, ಅದೇಕೆ? ಎರಡು, ಮಾರುವಾಗ ತೆರಿಗೆಗೆ ಯಾವ ಬೆಲೆ ಹಿಡಿಯಬೇಕು?

ದತ್ತಾಂಶ ಪ್ರಿಯ:
ಮೊದಲನೆಯದಕ್ಕೆ ಉತ್ತರ: ಕೆಲವು ತಾಣಗಳು ಬೋನಸ್ ಮಾತ್ರವಲ್ಲದೆ ಲಾಭಾಂಶವನ್ನೂ ಹಿಂದಿನ ಬೆಲೆಯಿಂದ ಕಳೆಯುತ್ತವೆ. ಬಂದ ಲಾಭಾಂಶದಿಂದ ಮತ್ತೆ ಅದೇ ಷೇರನ್ನು ಕೊಂಡಿದ್ದರೆ ಎಷ್ಟು ಬೆಳೆಯುತ್ತಿತ್ತು ಎಂಬುದನ್ನು ತೋರಿಸಲು ಈ ಕ್ರಮ. ಮ್ಯೂಚುವಲ್ ಫಂಡ್‌ಗಳು ತಮ್ಮ ಸಾಧನೆಯನ್ನು ಲಾಭಾಂಶವೂ ಸೇರಿದ ಸೂಚ್ಯಂಕದ ಜೊತೆಗೇ ಹೋಲಿಸಬೇಕೆಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯು 2018ರ ಫೆಬ್ರವರಿಯಿಂದ ಕಡ್ಡಾಯ ಮಾಡಿದ್ದೂ ಇದೇ ಕಾರಣಕ್ಕೆ.

ನಿಮ್ಮ ತಂದೆಯ ವಿಷಯದಲ್ಲಿ ಇದು ಸಣ್ಣ ಮೊತ್ತವಲ್ಲ. 2004ರಲ್ಲಿ, ಆದಾಯವು ನೂರು ಕೋಟಿ ಡಾಲರ್ ದಾಟಿದ ಸಂತೋಷಕ್ಕೆ ಇನ್ಫೋಸಿಸ್ ಪ್ರತಿ ಷೇರಿಗೆ 100 ರೂಪಾಯಿಯ ವಿಶೇಷ ಲಾಭಾಂಶವನ್ನೂ, ಜೊತೆಗೆ 15 ರೂಪಾಯಿಯ ಅಂತಿಮ ಲಾಭಾಂಶವನ್ನೂ ಕೊಟ್ಟಿತ್ತು. ಹತ್ತು ಷೇರಿಗೆ 1,150 ರೂಪಾಯಿ. ಹಳೆಯ ಪಾಸ್‌ಬುಕ್ ಇದ್ದರೆ ನೋಡಿ.

ಬೆಲೆಯ ಏರಿಕೆಯನ್ನಷ್ಟೇ ಹಿಡಿದರೂ, 80 ರೂಪಾಯಿಯದ್ದು ಇಪ್ಪತ್ತು ವರ್ಷದ ಬಳಿಕ 2024ರ ಮೇನಲ್ಲಿ ಸುಮಾರು 1,400 ಆಗಿತ್ತು. ಹದಿನೇಳೂವರೆ ಪಟ್ಟು, ಅಂದರೆ ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಶೇ. 15ಕ್ಕಿಂತ ತುಸು ಹೆಚ್ಚು. 5,120ನ್ನು 1,400ರ ಜೊತೆ ನೇರವಾಗಿ ಹೋಲಿಸಿದವರಿಗೆ ಮುಕ್ಕಾಲು ಭಾಗ ಹಣ ಮುಳುಗಿತು ಎಂದೇ ಅನ್ನಿಸುತ್ತದೆ.

ತೋಟದ ಮನೆ:
ತೆರಿಗೆಯ ವಿಷಯದಲ್ಲಿ ಸುಲಭ: 2018ರ ಜನವರಿ 31ರ ಬೆಲೆಯನ್ನು ತಾಣದಲ್ಲಿ ನೋಡಿ ಹಾಕಿದರಾಯಿತು.

ಲೆಕ್ಕಿಗ, ಹುಬ್ಬಳ್ಳಿ:
ಅಲ್ಲೇ ಎಡವುವುದು. ದಿನಾಂಕ ಸರಿ, ಆದರೆ ತಾಣದಲ್ಲಿ ಈಗ ಕಾಣುವ ಬೆಲೆ ಸರಿಯಲ್ಲ.

ಆ ದಿನಾಂಕದವರೆಗಿನ ಏರಿಕೆಗೆ ತೆರಿಗೆ ಬೀಳದಂತೆ, ಆ ದಿನ ವಿನಿಮಯ ಕೇಂದ್ರದಲ್ಲಿ ದಾಖಲಾದ ಗರಿಷ್ಠ ಬೆಲೆಯನ್ನು ಕೊಂಡ ಬೆಲೆಯೆಂದು ಹಿಡಿಯಲು 2018ರ ಬಜೆಟ್ ಅವಕಾಶ ಕೊಟ್ಟಿತು. ಮಾರುವ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಮಾರುವ ಬೆಲೆ, ನಿಜವಾಗಿ ಕೊಂಡದ್ದು ಹೆಚ್ಚಿದ್ದರೆ ಅದೇ. ಅಂದು ನಿಮ್ಮ ತಂದೆಯ ಬಳಿ ಇದ್ದದ್ದು 320 ಷೇರುಗಳು. ಅವುಗಳಿಗೆ ಅಂದಿನ ಮೂಲ ಬೆಲೆಯೇ ಅನ್ವಯಿಸುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಅದನ್ನು 1,160 ಎಂದಿಟ್ಟುಕೊಳ್ಳೋಣ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ 320 ಬೋನಸ್ ಷೇರುಗಳ ಕೊಂಡ ಬೆಲೆ ಸೊನ್ನೆ, ಅವುಗಳಿಗೆ ಈ ರಿಯಾಯಿತಿ ಇಲ್ಲ. ಆದರೆ ಬೋನಸ್ಸಿಗೆ ಹೊಂದಿಸಿದ ತಾಣದಲ್ಲಿ ಕಾಣುವುದು 580. ಮೊದಲಿನ 320 ಷೇರುಗಳಿಗೆ 580ನ್ನು ಹಾಕಿ, ಬೋನಸ್ಸಿಗೆ ಸೊನ್ನೆ ಹಾಕಿದರೆ 1,85,600 ರೂಪಾಯಿಯಷ್ಟು ಖರ್ಚನ್ನು ನೀವೇ ಬಿಟ್ಟುಕೊಟ್ಟಂತೆ. ಶೇ. 12.5ರ ದರದಲ್ಲಿ 23,200 ರೂಪಾಯಿ ಅನ್ಯಾಯವಾಗಿ ಹೋಗುತ್ತದೆ.

ಚಾಮರಾಜಪುರಂ:
640ಕ್ಕೂ 580ರಂತೆ ಹಾಕಿದರೆ ಒಟ್ಟು ಅಷ್ಟೇ ಆಗುವುದಲ್ಲವೇ ಸರ್?

ಲೆಕ್ಕಿಗ, ಹುಬ್ಬಳ್ಳಿ:
ಒಟ್ಟು ಮೊತ್ತ ಹೊಂದುತ್ತದೆ, ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾರಿದರೆ ವ್ಯತ್ಯಾಸವಾಗದು. ಆದರೆ ಇವರು ಸ್ವಲ್ಪ ಭಾಗ ಮಾತ್ರ ಮಾರುತ್ತಾರೆ. ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದು ಮೊದಲು ಹೋಗುತ್ತದೆ. ಹಳೆಯ 320 ಷೇರುಗಳನ್ನು 1,400ರಂತೆ ಮಾರಿದರೆ ಸರಿಯಾದ ಲೆಕ್ಕದಲ್ಲಿ ಲಾಭ 76,800. ವರ್ಷಕ್ಕೆ 1,25,000ದವರೆಗೆ ವಿನಾಯಿತಿ ಇರುವುದರಿಂದ, ಬೇರೆ ಷೇರುಗಳ ಲಾಭ ಇಲ್ಲದಿದ್ದರೆ, ಒಂದು ರೂಪಾಯಿ ತೆರಿಗೆಯೂ ಇಲ್ಲ. 580 ಎಂದು ಹಾಕಿದರೆ ಲಾಭ 2,62,400, ತೆರಿಗೆ 17,175, ಸೆಸ್ ಬೇರೆ. ಹಾಗಾಗಿ ಆ ದಿನದ ಭಾವ್‌ಕಾಪಿಯನ್ನೇ ಇಳಿಸಿಕೊಂಡು, ಮುದ್ರಿಸಿ, ಚೀಟಿಯ ಜೊತೆಗೆ ಇಟ್ಟುಕೊಳ್ಳಿ.

ತೋಟದ ಮನೆ:
ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ನಡೆದದ್ದನ್ನು ನಡೆದಂತೆ ಬರೆದಿಟ್ಟ ಪಟ್ಟಿಯೂ ಬೇಕು ಎಂದು ಮೊದಲೇ ಹೇಳಿದ್ದು ಮಾತ್ರ ಉಳಿಯಲಿ.

ಸಿರಸಿಯ ಮಗಳು:
ನಿನ್ನೆ ರಾತ್ರಿ ಊಟವಾದ ಮೇಲೆ ಅಪ್ಪನ ಪಕ್ಕದಲ್ಲಿ ಕುಳಿತು ಕ್ಷಮೆ ಕೇಳಿದೆ. ಅವರು ಮಕ್ಕಳ ಅಂಕಪಟ್ಟಿ ಬರೆಯುತ್ತಿದ್ದಂಥದೇ ಒಂದು ನೋಟ್‌ಬುಕ್ ತೆಗೆದುಕೊಟ್ಟರು. ಮೊದಲ ಸಾಲಿನಲ್ಲಿ ದಿನಾಂಕ, 10, 5,120. ಅದರ ಕೆಳಗೆ "ಡಿವಿಡೆಂಡ್ 1,150, ಬ್ಯಾಂಕಿಗೆ ಜಮೆ". ಅದರ ಕೆಳಗೆ 40, 80, 160, 320, 640, ಪ್ರತಿಯೊಂದರ ಮುಂದೆಯೂ ಇಸವಿ. ಕೊನೆಯ ಪುಟದಲ್ಲಿ 2018ರ ಜನವರಿ 31 ಎಂದು ಬರೆದು, ಬೆಲೆಯ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಭಾವ್‌ಕಾಪಿ ಇಳಿಸಿಕೊಂಡ ಮೇಲೆ ಅದನ್ನು ನಾನೇ ತುಂಬುತ್ತೇನೆಂದು ಹೇಳಿದ್ದೇನೆ.